ಹನ್ನೆರಡನೆಯ ಶಿಷ್ಯೆ

ಮುಂದಿನ ಲಾರಿಯ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡಿದೆ, ಗಾಳಿ ಬಂದಾಗಲೆಲ್ಲ ಏಳುತ್ತದೆ, ಬೀಳುತ್ತದೆ, ಪಟ್ — ಯಾರೋ ಕಟ್ಟುವುದನ್ನು ಮರೆತಿದ್ದಾರೆ, ಅಥವಾ ಕಟ್ಟಿದ್ದೇನೆ ಎಂದು ಕಾಗದದಲ್ಲಿ ಸಹಿ ಹಾಕಿ ಕಟ್ಟದೆ ಬಿಟ್ಟಿದ್ದಾರೆ, ಹಾಗೂ ಇರಬಹುದು, ಮಿಲೆನ್‌ಗೆ ಈಗೀಗ ಎಲ್ಲ ಕಡೆಯೂ ಅದೇ ಕಾಣುತ್ತದೆ — ಪಟ್ — ಸೇತುವೆಯ ರಿಪೇರಿ ಮುಗಿಯುವ ಲಕ್ಷಣವಿಲ್ಲ, ಒಂದೇ ಸಾಲು ಬಿಟ್ಟಿದ್ದಾರೆ, ಕೆಳಗೆ ಡ್ಯಾನ್ಯೂಬ್ ಯಾವ ಆತುರವೂ ಇಲ್ಲದೆ ಹೋಗುತ್ತಿದೆ, ಹಿಂದೆ ರುಮೇನಿಯಾದ ದಡ, ಮುಂದೆ ಅವನ ಊರು ರೂಸೆ, ನಡುವೆ ಈ ಕಾರು, ಕಾರಿನಲ್ಲಿ ಅವನು, ಪಕ್ಕದ ಸೀಟಿನಲ್ಲಿ ತುದೋರಾ, ಅವಳ ತೊಡೆಯ ಮೇಲೆ ಮೇಣಬಟ್ಟೆಯ ಚೀಲ, ಚೀಲದೊಳಗೆ ಏಳು ನೋಟುಪುಸ್ತಕ. ಹನ್ನೊಂದಕ್ಕೆ ಸಮಾರೋಪ. ಮೂರು ವರ್ಷದ ಯೋಜನೆ ಇವತ್ತಿಗೆ ಮುಗಿಯುತ್ತದೆ, ಎರಡು ದಡ ಒಂದು ಮೀನು ಅಂತ ಹೆಸರು, ಹೆಸರಿಟ್ಟವನು ಅವನೇ, ಆಗ ಬಹಳ ಹೆಮ್ಮೆಯಾಗಿತ್ತು. ವೇದಿಕೆಯ ಮೇಲೆ ತುದೋರಾ ತನ್ನ ಏಳು ಪುಸ್ತಕಗಳನ್ನು ವಸ್ತುಸಂಗ್ರಹಾಲಯಕ್ಕೆ ಕೊಡುತ್ತಾಳೆ, ಯುರೋಪಿನ ಅನುದಾನದ ಕಚೇರಿಯಿಂದ ಬಂದವರು ಕೈ ತಟ್ಟುತ್ತಾರೆ, ಫೋಟೋ, ಆಮೇಲೆ ಊಟ. ಫೋನು ಬಡಿದುಕೊಳ್ಳುತ್ತದೆ, ಗಾಲ್ಯಾ, ಅವನ ಜೊತೆ ಕೆಲಸ ಮಾಡುವವಳು, ಎಲ್ಲಿ ಸತ್ತಿದ್ದೀಯೋ ಮಾರಾಯ, ತಿಂಡಿಗೆ ತಂದ ಬನಿತ್ಸಾ ಆರಿ ಚಪ್ಪಲಿ ಆಗ್ತಾ ಇದೆ, ಕಚೇರಿಯವರು ಮೂರನೇ ಸಲ ಕಾಫಿ ಕುಡಿದ್ರು, ಮುದುಕಮ್ಮ ಬಂದ್ರಾ. ಬಂದ್ರು, ಸೇತುವೆ ಮೇಲಿದ್ದೀವಿ. ಪುಸ್ತಕ ತಂದ್ರಾ. ತಂದ್ರು. ಮತ್ತೆ ಯಾಕೋ ಶವಯಾತ್ರೇಲಿ ಇದ್ದೋನ ಹಾಗೆ ಮಾತಾಡ್ತೀಯ, ಎಂದು ಅವಳು ಇಟ್ಟುಬಿಡುತ್ತಾಳೆ.

ಸೆಕೆ. ಕಾರಿನ ತಣ್ಣನೆ ಗಾಳಿಯ ಯಂತ್ರ ಹೋದ ಬೇಸಿಗೆಯಲ್ಲೇ ಕೈಕೊಟ್ಟಿದೆ. ತುದೋರಾ ಹಿಂದೆ ಕೈಚಾಚಿ ಹಿಂದಿನ ಸೀಟಿನ ಕಟ್ಟಿನಿಂದ, ಇವತ್ತು ಹಂಚಬೇಕಾದ ಯೋಜನೆಯ ಪುಸ್ತಿಕೆ ಒಂದನ್ನು ಎಳೆದುಕೊಂಡಾಗ ಅವನು ತಡೆಯಲು ಕೈ ಎತ್ತಿದ, ಆದರೆ ಅವಳು ಅದನ್ನು ಮಡಿಸಿ ಮುಖಕ್ಕೆ ಗಾಳಿ ಹಾಕಿಕೊಂಡಳು ಅಷ್ಟೇ, ಇದಕ್ಕಾದ್ರೂ ಬಂತಲ್ಲ ಮಗಾ ನಿನ್ನ ಪುಸ್ತಕ, ಎಂದು ನಕ್ಕಳು, ಅವನೂ ನಕ್ಕ, ಗಾಳಿ ಹಾಕಿಕೊಳ್ಳಲಿ, ರೂಸೆಯವರೆಗೂ ಹಾಕಿಕೊಳ್ಳಲಿ ದೇವರೇ. ಮುನ್ನೂರು ಪ್ರತಿ. ಎಡಪುಟದಲ್ಲಿ ಅವಳ ಭಾಷೆ, ಬಲಪುಟದಲ್ಲಿ ಅವನದು. ಹದಿನಾಲ್ಕನೇ ಪುಟ ತೆರೆದುಕೊಳ್ಳದಿದ್ದರೆ ಸಾಕು. ಮೂವತ್ತೊಂದು ವರ್ಷ ಮೀನಿನ ಕಟ್ಟೆಯಲ್ಲಿ ತೂಗುವ ಕೆಲಸ ಮಾಡಿದವಳು, ಆ ದಡದ ಬೆಸ್ತರು ತಂದ ಒಂದೊಂದು ಮೊರುನವನ್ನೂ — ಎರಡೂ ದಡದಲ್ಲಿ ಆ ದೊಡ್ಡ ಮೀನಿಗೆ ಹೆಸರು ಒಂದೇ — ಎಷ್ಟು ಉದ್ದ, ಎಷ್ಟು ತೂಕ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮೊಟ್ಟೆ ಇತ್ತೋ, ಹೊಳೆಯ ಯಾವ ತಿರುವಿನಲ್ಲಿ ಸಿಕ್ಕಿತು, ಎಲ್ಲ ಬರೆದಿಟ್ಟವಳು, ಯಾರೂ ಹೇಳಿರಲಿಲ್ಲ, ತೂಕ ಮಾತ್ರ ಬರೆದರೆ ಸಾಕಿತ್ತು, ಉಳಿದದ್ದು ಅವಳದೇ ಚಟ. ಆ ಮೀನು ಹಿಡಿಯುವುದೇ ನಿಷೇಧವಾಗಿ, ಕಟ್ಟೆ ಬಾಗಿಲು ಹಾಕಿ, ಪುಸ್ತಕಗಳು ಅವಳ ಅಡುಗೆಮನೆಯ ಕಪಾಟಿನಲ್ಲಿ ಜಾಮಿನ ಬಾಟಲಿಗಳ ಹಿಂದೆ ಕೂತಿದ್ದವು. ಮೊದಲ ಸಲ ತೆರೆದು ತೋರಿಸಿದಾಗ, ಎಲ್ಲಾ ಸೀಸಕಡ್ಡಿಯಲ್ಲೇ ಬರೆದಿದ್ದೀರಲ್ಲ ತಾಂತಿ, ಅಂದಿದ್ದ, ಆ ದಡದಲ್ಲಿ ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು. ಶಾಯಿ ನೀರು ಬಿದ್ರೆ ಹೋಗುತ್ತೆ ಮಗಾ, ಸೀಸ ಹೋಗಲ್ಲ. ತಪ್ಪಾದರೆ ಅಳಿಸಲೂಬಹುದಲ್ಲ, ಎಂದು ಇವನು ಜಾಣನ ಹಾಗೆ ಕೇಳಿದಾಗ ಅವಳು ಇವನ ಮುಖವನ್ನೇ ನೋಡಿದ್ದಳು, ಅಳಿಸೋದಾ, ಅಳಿಸಿದ್ರೆ ತಪ್ಪಾಗಿತ್ತು ಅಂತ ಮುಂದಿನವನಿಗೆ ಹೇಗೆ ಗೊತ್ತಾಗ್ಬೇಕು, ಒಂದು ಗೀಟು ಎಳೀಬೇಕು, ಪಕ್ಕದಲ್ಲಿ ಸರಿಯಾದ್ದು ಬರೀಬೇಕು, ಕೆಳಗೆ ತಿದ್ದಿದೋಳ ಗುರುತು. ಹೇಳುತ್ತ ಸೀಸಕಡ್ಡಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡಿದ್ದಳು, ತುಟಿಯಲ್ಲಿ ಬೂದುಬಣ್ಣದ ಒಂದು ಚುಕ್ಕೆ.

ಪಟ್ — ಲಾರಿ ಎರಡು ಮಾರು ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ. ಅರ್ಜಿ ಬರೆಯುವಾಗ ಎಂಥ ಉಮೇದು ಇತ್ತು, ಹೊಳೆಯ ಎರಡೂ ಕಡೆಯವರು ಜೊತೆಗಿರಬೇಕು ಅಂತ ನಿಯಮ, ಆ ದಡದ ಒಂದು ಸಂಸ್ಥೆ ಸಿಕ್ಕಿತು, ಆದರೆ ಅರ್ಜಿಯ ಜೀವ ಇದ್ದದ್ದು ಈ ಏಳು ಪುಸ್ತಕಗಳಲ್ಲಿ, ಅದು ಅವನಿಗೂ ಗೊತ್ತು, ಗಾಲ್ಯಾಗೂ ಗೊತ್ತು. ತಜ್ಞರು ಅನ್ನುವ ಅಂಕಣದಲ್ಲಿ ತುದೋರಾ ಎಂದು ಬರೆದ, ಮುಂದಿನ ಚೌಕ ಪದವಿ ಕೇಳಿತು. ಅವಳದು ಎಂಟನೇ ಕ್ಲಾಸು. ತುಂಬದಿದ್ದರೆ ಕಂಪ್ಯೂಟರು ಮುಂದಕ್ಕೇ ಬಿಡದು, ಕೆಂಪು ಗೆರೆ ಎಳೆದು ಕೂರುತ್ತದೆ. ಗಾಲ್ಯಾ ಹೇಳಿದ್ದಳು, ಕಚೇರಿಗೆ ಒಂದು ಪತ್ರ ಬರಿಯೋ, ಅನುಭವಾನೇ ಪದವಿ ಅಂತ ತಗೊಳ್ಳಿ ಅಂತ ಕೇಳು, ಹಿಂದೆ ಕೊಟ್ಟಿದ್ದಾರೆ. ಎಷ್ಟು ದಿನ ಆಗುತ್ತೆ ಅದಕ್ಕೆ. ವಾರ, ಹತ್ತು ದಿನ. ಕೊನೇ ದಿನಕ್ಕೆ ಇದ್ದದ್ದು ಹದಿನೈದು ದಿನ. ಹದಿನೈದು ದಿನ ಇತ್ತು ಮಿಲೆನ್, ಸಾಕಾಗುತ್ತಿತ್ತು, ಬರೆಯಲಿಲ್ಲ, ಯಾಕೆ ಅಂದರೆ ಆ ಪತ್ರದಲ್ಲಿ ಒಂದು ವಾಕ್ಯ ಬರೆಯಬೇಕಾಗುತ್ತಿತ್ತು — ಈ ವಿಷಯದಲ್ಲಿ ನನಗಿಂತ ಈ ಹೆಂಗಸಿಗೆ ಹೆಚ್ಚು ಗೊತ್ತು — ಹದಿನೆಂಟು ವರ್ಷ ಓದಿದ ಕೈ ಅದನ್ನು ಬರೆಯಲು ಒಪ್ಪಲಿಲ್ಲ, ತಜ್ಞರ ಅಂಕಣದಲ್ಲಿ ಅವಳ ಹೆಸರು ಅಳಿಸಿ ತನ್ನದು ತುಂಬಿದ. ಸಮಯವಿರಲಿಲ್ಲ ಎಂದು ಮೂರು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ, ಗಾಲ್ಯಾಗೆ, ಹೆಂಡತಿಗೆ, ಶೇವಿಂಗ್ ಮಾಡುವಾಗ ಕನ್ನಡಿಗೆ. ಯಾಕೋ ಹಂಗೆ ಬೆವರ್ತಾ ಇದ್ದೀಯ ಮಗಾ, ಟೊಮೇಟೊ ತಿನ್ತೀಯಾ, ನಮ್ಮ ಹಿತ್ತಲಿಂದು. ಬೇಡ ತಾಂತಿ. ಉಪ್ಪೂ ತಂದಿದ್ದೀನಿ ಕಣೋ. ಬೇಡ. ಅವಳ ತಾಯಿ ಈ ದಡದವಳಂತೆ, ಹಾಗಾಗಿ ಅವನ ಭಾಷೆಯನ್ನು ಅವಳು ಎಪ್ಪತ್ತು ವರ್ಷ ಹಿಂದಿನ ಅಡುಗೆಮನೆಯ ಧಾಟಿಯಲ್ಲಿ ಆಡುತ್ತಾಳೆ, ಅವಳು ಮಗಾ ಎಂದಾಗ ಅವನಿಗೆ ಅಜ್ಜಿಯ ನೆನಪಾಗುತ್ತದೆ, ಅದೇ ಕಷ್ಟ, ಬೇರೆ ಯಾರಾದರೂ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಅವಳು ಕನ್ನಡಕ ಹಾಕಿಕೊಳ್ಳುತ್ತಿದ್ದಾಳೆ. ದಾರ ಕಟ್ಟಿದ ಕನ್ನಡಕ. ತಾಂತಿ, ಅಲ್ಲಿ ನೋಡಿ, ಕೆಳಗೆ, ಬೂದು ಕೊಕ್ಕರೆ. ನಾನು ನೋಡದೇ ಇರೋ ಕೊಕ್ಕರೇನೇನೋ, ಸುಮ್ನಿರು, ಓದ್ತಾ ಇದ್ದೀನಿ. ಬೆರಳು ಒದ್ದೆ ಮಾಡಿ ಪುಟ ತಿರುಗಿಸುತ್ತಾಳೆ, ಒಂದು ಸಾಲೂ ಬಿಡದೆ ಓದುವ ಜಾತಿ, ಎರಡನೇ ಪುಟ, ನಾಲ್ಕನೇ ಪುಟ. ಹಿರಿಯ ನಿವಾಸಿಗಳಿಗೆ ಮೀನು ಗುರುತಿಸುವ ತರಬೇತಿ, ಹನ್ನೆರಡು ಜನ, ಅಂತ ಅರ್ಜಿಯಲ್ಲಿ ಮಾತು ಕೊಟ್ಟಿದ್ದ, ಹತ್ತು ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಹನ್ನೆರಡು ಎಂದ, ಕೇಳಲು ಚೆನ್ನಾಗಿದೆ ಅಂತ. ಅವಳ ಊರಿನ ಶಾಲೆಯ ಕೋಣೆ, ಬಂದವರು ಹನ್ನೊಂದು, ಹನ್ನೆರಡನೆಯವನು ಮಗಳ ಮನೆಗೆಂದು ಸ್ಪೇನಿಗೆ ಹೋಗಿಬಿಟ್ಟಿದ್ದ. ಮೂರು ಗಂಟೆ ಪಾಠ ಮಾಡಿದ್ದು ತುದೋರಾ, ಬಾಯಿ ನೋಡ್ರಯ್ಯ ಮೊದಲು, ಬಾಲ ಅಲ್ಲ, ಮೊರುನದ ಬಾಯಿ ಅರ್ಧಚಂದ್ರ, ಮುಖದ ಅಗಲಕ್ಕೂ ಇರುತ್ತೆ, ಬೇರೆಯವಕ್ಕೆ ಹಂಗಿಲ್ಲ, ಅಂತ ಹೇಳುತ್ತ ಇವನು ಗೋಡೆಗೆ ಅಂಟಿಸಿದ್ದ ಚಿತ್ರದ ಮುಂದೆ ನಿಂತು, ಇದ್ಯಾವನು ಮೊರುನ ಅಂತ ಬರೆದೋನು, ಇದು ಅದರ ದಾಯಾದಿ, ಎಂದಳು, ಎಲ್ಲ ಮುದುಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಬರೆದವನು ಅವನೇ. ಕೊನೆಗೆ ಹಾಜರಿ ಹಾಳೆ. ಹನ್ನೊಂದು ಸಹಿ, ಹನ್ನೆರಡನೇ ಗೆರೆ ಖಾಲಿ, ಬಾಯಿ ತೆರೆದ ಮೀನಿನ ಹಾಗೆ ಕಾಯುತ್ತಿದೆ. ತಾಂತಿ, ಇಲ್ಲೊಂದು ಸಹಿ, ಬರೀ ಹಾಜರಿ. ಅವಳು ಕಿವಿಯ ಹಿಂದಿನಿಂದ ಸೀಸಕಡ್ಡಿ ತೆಗೆದು ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು, ಅಯ್ಯೋ ಅದರಲ್ಲಿ ಅಲ್ಲ, ನೀಲಿ ಶಾಯೀನೇ ಆಗ್ಬೇಕು, ಇಲ್ಲದಿದ್ರೆ ಇದು ಮೂಲ ಪ್ರತೀನೋ ನಕಲೋ ಅಂತ ಕೇಳ್ತಾರೆ, ಎಂದು ಸೀಸಕಡ್ಡಿಯನ್ನು ಅವಳ ಬೆರಳಿನಿಂದ ತಾನೇ ಬಿಡಿಸಿಕೊಂಡು ನೀಲಿ ಪೆನ್ನು ಇಟ್ಟ. ಏನಂತ ಬರೆದಿದೆ ಇಲ್ಲಿ ಮೇಲ್ಗಡೆ, ಎಂದಳು, ಅವನ ಭಾಷೆ ಆಡಲು ಬಂದರೂ ಅದರ ಲಿಪಿ ಅವಳಿಗೆ ಓದಲು ಬರದು. ಬಂದವರ ಪಟ್ಟಿ ತಾಂತಿ. ಬಂದಿದ್ದೀನಲ್ಲ, ಎಂದು ನಕ್ಕು ಬರೆದಳು. ಕಲಿತವರು ಎಂದಿತ್ತು ಅಲ್ಲಿ. ಕೆಳಗೆ ಕಲಿಸಿದವರು ಎಂಬ ಗೆರೆಯ ಮೇಲೆ ಅವನು ತನ್ನ ಹೆಸರು ಬರೆದ, ನೀಲಿಯಲ್ಲೇ. ಅವಳ ಸೀಸಕಡ್ಡಿ ಅವನ ಜೇಬಿನಲ್ಲೇ ಮನೆಗೆ ಬಂತು, ರಾತ್ರಿ ಅಂಗಿ ಬಿಚ್ಚುವಾಗ ಸಿಕ್ಕಿತು, ಬುಡ ಹಲ್ಲಿನಲ್ಲಿ ಕಚ್ಚಿದ್ದು, ಹಿಂತಿರುಗಿಸಬೇಕೆಂದುಕೊಂಡ.

ಎಂಟನೇ ಪುಟ. ಅಷ್ಟೇ ಆಗಿದ್ದರೆ ಕಡತದ ಹೊಟ್ಟೆಯಲ್ಲಿ ಕೊಳೆಯುತ್ತಿತ್ತು, ಯಾರು ನೋಡುತ್ತಿದ್ದರು. ಆದರೆ ಪುಸ್ತಿಕೆಗೆ ಗಾಲ್ಯಾ ಆ ದಿನದ ಫೋಟೋ ಆರಿಸಿದಳು, ತುದೋರಾ ಕೈ ಎತ್ತಿ ಏನೋ ಹೇಳುತ್ತಿದ್ದಾಳೆ, ಮುದುಕರು ಕೇಳುತ್ತಿದ್ದಾರೆ, ಕೆಳಗಿನ ಸಾಲು ವರದಿಯಿಂದ ನೇರ ಬಂತು — ತುದೋರಾ, ಎಪ್ಪತ್ತನಾಲ್ಕು, ತರಬೇತಿ ಪಡೆದ ಹಿರಿಯ ಫಲಾನುಭವಿ, ಈಗ ಅವರು ಮೊರುನ ಮೀನನ್ನು ಗುರುತಿಸಬಲ್ಲರು. ಕರಡು ಅವನ ಮೇಜಿಗೆ ಬಂದಿತ್ತು. ಓದಿದ. ಗಾಲ್ಯಾ ಬಾಗಿಲಲ್ಲಿ ನಿಂತು ಕೇಳಿದ್ದಳು, ಇದು ಹೀಗೇ ಹೋಗ್ಲಾ. ವರದೀಲಿ ಒಂದು, ಪುಸ್ತಿಕೇಲಿ ಒಂದು ಇದ್ರೆ ತಪಾಸಣೆಯವರು ಪ್ರಶ್ನೆ ಹಾಕ್ತಾರೆ. ನಾನು ಕೇಳಿದ್ದು ಅದನ್ನಲ್ಲ ಮಿಲೆನ್. ಹೋಗ್ಲಿ ಬಿಡು, ಮುದುಕಮ್ಮ ಅದನ್ನೇನು ಓದ್ತಾರಾ, ಎಂದಿದ್ದ. ಅವರೇನು ಓದ್ತಾರಾ. ಹತ್ತನೇ ಪುಟ. ಈಗಲೇ ಹೇಳಿಬಿಡಬೇಕು, ಅವಳು ತಲುಪುವ ಮೊದಲು, ತಾಂತಿ ಒಂದು ತಪ್ಪಾಗಿದೆ ಅಂತ ಶುರು ಮಾಡಿದರೆ — ಆಗಿದೆ ಅಂತೆ, ತಾನೇ ಆದ ಹಾಗೆ, ಮಾಡಿದ್ದೀನಿ ಅನ್ನು — ಹೇಳಿದರೆ ಚೀಲ ಎತ್ತಿಕೊಂಡು ಇಳಿದು ನಡೆದೇ ಹೋದಾಳು, ಪುಸ್ತಕಗಳಿಲ್ಲದೆ ವೇದಿಕೆ ಬೋಳು, ಛೀ, ಇಷ್ಟು ಹೊತ್ತಿನಲ್ಲೂ ವೇದಿಕೆಯ ಯೋಚನೆ, ಇವನಿಗೆ ಇವನ ಮೇಲೆಯೇ ಹೇಸಿಗೆಯಾಯಿತು, ಕಿವಿಯ ತನಕ ಬಿಸಿ ಏರಿತು, ಹನ್ನೆರಡನೇ ಪುಟ, ಮಂತ್ರಿಗಳ ಸಂದೇಶ, ಅದನ್ನೂ ಪೂರ್ತಿ ಓದುತ್ತಾಳೆ ಈ ಹೆಂಗಸು, ಬಾಯಿ ತೆರೆದ, ತಾಂತಿ, ಏನೋ, ಏನಿಲ್ಲ, ಕಿಟಕಿ ಇನ್ನೂ ಸ್ವಲ್ಪ ಇಳಿಸಲಾ. ಇಳಿಸು. ಇಳಿಸಿದ. ಪಟ್.

ಅವಳ ಬೆರಳು ನಿಂತಿದೆ. ಅವನು ನೋಡುತ್ತಿಲ್ಲ, ಟಾರ್ಪಾಲನ್ನು ನೋಡುತ್ತಿದ್ದಾನೆ, ಆದರೆ ಗೊತ್ತಾಗುತ್ತದೆ, ಹಾಳೆಯ ಸದ್ದಿಲ್ಲ, ಹತ್ತು ಹನ್ನೊಂದು ಪದದ ಸಾಲಿಗೆ ಇಷ್ಟು ಹೊತ್ತು ಯಾರೂ ಓದುವುದಿಲ್ಲ, ಎರಡು ಸಲ ಓದುತ್ತಿದ್ದಾಳೆ, ಮೂರು ಸಲ. ಬೈಯಲಿ. ಕಪಾಳಕ್ಕೆ ಹೊಡೆಯಲಿ, ಎಷ್ಟೋ ವಾಸಿ. ಅವಳ ಕೈ ಕಿವಿಯ ಹಿಂದೆ ಹೋಗುತ್ತದೆ. ಹೊಸ ಸೀಸಕಡ್ಡಿ. ತುದಿ ನಾಲಿಗೆಗೆ ಮುಟ್ಟುತ್ತದೆ. ಚೀಲದ ಮೇಲೆ ಪುಸ್ತಿಕೆ ಹರಡಿ, ಎಪ್ಪತ್ತನಾಲ್ಕು ಎಂಬುದರ ಮೇಲೆ ಒಂದು ಗೀಟು, ನೆಟ್ಟಗೆ, ಕೆಳಗಿನದು ಕಾಣುವ ಹಾಗೆ, ಪಕ್ಕದಲ್ಲಿ ಎಪ್ಪತ್ತಾರು, ಅದರ ಕೆಳಗೆ ಅವಳ ಗುರುತು. ನನ್ನ ವಯಸ್ಸು ತಪ್ಪಾಗಿದೆ ಮಗಾ, ಎನ್ನುತ್ತಾಳೆ, ದನಿಯಲ್ಲಿ ಸಿಟ್ಟಿಲ್ಲ, ಮೀನು ತೂಗುವವಳ ದನಿ, ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾದು ಹೇಳುವವಳದು. ನನಗೆ ಗೊತ್ತಿರೋದನ್ನ ನಾನು ತಿದ್ದಿದೆ. ತಾಂತಿ, ನಾನು, ಎಂದು ಅವನು ಶುರು ಮಾಡುತ್ತಾನೆ. ಮುಂದಿನ ಲಾರಿ ಹೊರಟಿದೆ, ಟಾರ್ಪಾಲು ದೂರ ಸರಿಯುತ್ತಿದೆ, ಹಿಂದಿನವರು ಹಾರ್ನು ಹೊಡೆಯುತ್ತಾರೆ, ಒಬ್ಬ, ಇನ್ನೊಬ್ಬ, ಆಮೇಲೆ ಸೇತುವೆಗೆ ಸೇತುವೆಯೇ. ಪುಸ್ತಿಕೆಯನ್ನು ಹದಿನಾಲ್ಕನೇ ಪುಟಕ್ಕೇ ತೆರೆದಿಟ್ಟು ಅವನ ತೊಡೆಯ ಮೇಲೆ ಇಡುತ್ತಾಳೆ. ಉಳಿದದ್ದು ನಿನ್ನದು, ತಗೋ. ಏಳು ಪುಸ್ತಕದ ಚೀಲದ ಮೇಲಿಂದ ಚಾಚಿದ ಕೈ, ಕೈಯಲ್ಲಿ ಸೀಸಕಡ್ಡಿ, ಕಚ್ಚಿದ ಬುಡ ಅವಳ ಕಡೆ, ಒದ್ದೆ ತುದಿ ಅವನ ಕಡೆ, ಹಾರ್ನು, ಒದ್ದೆ ತುದಿ, ಅವನ ಕೈ ಸ್ಟಿಯರಿಂಗ್ ಬಿಟ್ಟು ಏಳುವುದಿಲ್ಲ, ಸೀಸಕಡ್ಡಿ ಕೆಳಗಿಳಿಯುವುದಿಲ್ಲ, ಸೀಸಕಡ್ಡಿ —