ಅಕ್ಷಯನ ತೂಕ

ನಮ್ಮ ಅಂಗನವಾಡಿ ಇರುವುದು ಉಪ್ಪುಂದದ ಕಡಲಬದಿಯಲ್ಲಿ. ನಾನು ಸುಂದರಿ, ಅಲ್ಲಿಯ ಸಹಾಯಕಿ. ಅಡುಗೆ ಮಾಡುವುದು, ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಎಲ್ಲ ನನ್ನದೇ. ನನ್ನ ಕೈಯಡುಗೆ ಉಂಡು ಮಕ್ಕಳ ಕೆನ್ನೆ ಉಬ್ಬಿದರೆ ನನಗೆ ಎಲ್ಲಿಲ್ಲದ ಹೆಮ್ಮೆ. ಹಾಗಾಗಿ ಎರಡು ಸಾವಿರದ ಎಂಟರಲ್ಲಿ ಹೊಸದಾಗಿ ಬಂದ ವನಜ ಟೀಚರ್, "ಅಕ್ಷಯನ ತೂಕ ಜಾಸ್ತಿ ಆಯ್ತ್ ಸುಂದರಕ್ಕ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಮಕ್ಕಳು ಬಡಕಲಾದರೆ ಮೇಲಿನವರು ಬೈಯುತ್ತಾರೆ, ಸರಿ. ದಪ್ಪಗಾದರೂ ದೂರೇ?

ಆದರೆ ಆ ನಾಲ್ಕು ವರ್ಷದ ಹುಡುಗ ಮೂರು ಮೆಟ್ಟಿಲು ಹತ್ತುವುದರೊಳಗೆ ಏದುಸಿರು ಬಿಡುವುದನ್ನು ನಾನೂ ಕಂಡಿದ್ದೆ.

ಅವನನ್ನು ಸಾಕುವವಳು ಅಜ್ಜಿ ಜಲಜ, ಬುಟ್ಟಿ ಹೊತ್ತು ಮೀನು ಮಾರುವವಳು. ಬಾಯಿ ಬಲು ಜೋರು. ಟೀಚರ್ ಅವಳ ಮನೆಗೇ ಹೋದರು. ಅವಳ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಚಾ ಕುಡಿದು ಬಂದರು. ಮರುದಿನದಿಂದ ಹುಡುಗನ ಕೈಯಲ್ಲಿ ಬಿಸ್ಕಿಟ್, ಚಿಪ್ಸಿನ ಪೊಟ್ಟಣ ಇಲ್ಲ. ಅಜ್ಜಿಯ ಸೊಂಟದ ಮೇಲೆ ಬರುತ್ತಿದ್ದವನು ನಡೆದೇ ಬರತೊಡಗಿದ. ಟೀಚರ್ ಸೆರಗು ಸಿಕ್ಕಿಸಿಕೊಂಡು ಮಕ್ಕಳ ಜೊತೆ ಅಂಗಳವಿಡೀ ಓಡುತ್ತಿದ್ದರು. ಅಂಥ ಟೀಚರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂರು ತಿಂಗಳಾದರೂ ತೂಕ ಏರುತ್ತಲೇ ಹೋಯಿತು. ಒಂದು ಬೆಳಿಗ್ಗೆ ತಪಾಸಣೆಗೆ ಬಂದ ಮೇಡಂ ಜಲಜಳನ್ನು ಕರೆಸಿ, ತಾಯಂದಿರೆಲ್ಲರ ಎದುರೇ, "ನೀವು ಮನೇಲಿ ಕದ್ದು ತಿನ್ನಿಸ್ತಾ ಇದ್ದೀರಿ" ಎಂದುಬಿಟ್ಟರು.

ಜಲಜಳ ಮುಖ ಕಪ್ಪಿಟ್ಟಿತು. "ಹೈದ ಎಷ್ಟ್ ಅತ್ರೂ ಒಂದ್ ಬಿಸ್ಕಿಟ್ ಕೊಡ್ಲಿಲ್ಲೆ ನಾನ್! ಇನ್ ಇವ್ನನ್ನ್ ಇಲ್ಲಿಗ್ ಕಳ್ಸುದಿಲ್ಲೆ" ಎಂದು ಮೊಮ್ಮಗನ ಕೈ ಹಿಡಿದು ಎಳೆದಳು.

"ಜಲಜಕ್ಕ ಸುಳ್ಳ್ ಹೇಳುವರಲ್ಲ ಮೇಡಂ. ತಪ್ಪ್ ಎಲ್ಲಿತ್ತ್ ಅಂದ್ ನಾನೇ ಕಾಣ್ತೆ" ಎಂದರು ಟೀಚರ್. ಮೇಲಿನವರ ಎದುರು ನಿಂತು ಹಾಗೆ ಹೇಳಲು ಎಷ್ಟು ಜನರಿಗೆ ಧೈರ್ಯವಿದೆ, ಹೇಳಿ.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಊಟವಾದ ಮೇಲೆ ಟೀಚರ್ ಹಾಜರಿ, ಲೆಕ್ಕದ ಪುಸ್ತಕ ಬರೆಯಲು ಕೂತರೆ ಅಕ್ಷಯ ಮೆಲ್ಲನೆ ಅಡುಗೆಕೋಣೆಗೆ ಬರುತ್ತಿದ್ದ. ದಿನವೂ ಇನ್ನೆರಡು ಸೌಟು ಅನ್ನಸಾರು, ಮೇಲೊಂದು ಚೂರು ಬೆಲ್ಲ. ನನಗೆ ಮಕ್ಕಳಿಲ್ಲ. ಅವನು ಬಾಯಿ ತೆರೆದು ನಿಂತರೆ ಇಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಹೇಳಿದರೆ ನನ್ನ ಕೆಲಸ ಹೋದೀತು, ಹೇಳದಿದ್ದರೆ ಹುಡುಗ ಅಂಗನವಾಡಿ ಬಿಟ್ಟೇ ಹೋಗುತ್ತಾನೆ.

"ಜಲಜಕ್ಕ, ನಿಲ್ಲಿ. ತಿನ್ಸಿದ್ದ್ ನಾನ್" ಎಂದೆ.

ಮೇಡಂ ಬಾಯಿ ತೆರೆಯುವ ಮೊದಲೇ ಟೀಚರ್ ನನ್ನ ಪಕ್ಕಕ್ಕೆ ಬಂದು ನಿಂತರು. "ಮನೆ ಕಂಡೆ, ಇಲ್ಲಿನ ಅಡುಗೆಕೋಣೆ ಕಾಣ್ಲಿಲ್ಲೆ. ಅದ್ ನನ್ನ್ ತಪ್ಪ್. ಕ್ಷಮ್ಸಿ ಜಲಜಕ್ಕ."

ಜಲಜ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೈದ ಇಲ್ಲೇ ಇರ್ಲಿ ಟೀಚರೇ" ಎಂದು ಅವನ ಕೈ ಬಿಟ್ಟಳು. ಮೇಡಂ ನನಗೊಂದು ಎಚ್ಚರಿಕೆ ಕೊಟ್ಟು ಹೊರಟರು.

ಆ ಮಧ್ಯಾಹ್ನ ಅಕ್ಷಯ ಮತ್ತೆ ಅಡುಗೆಕೋಣೆಗೆ ಬಂದ. "ಇಲ್ಲೆ ಮಗ, ಮುಗೀತ್" ಎಂದೆ. ಅವನು ಅತ್ತ. ನಾನೂ ಅತ್ತೆ. ಆದರೆ ಕೊಡಲಿಲ್ಲ.