ಅರ್ಧ ಕಟಿಂಗಲ್ಲಿ ಎದ್ದು ಹೋಗುವ ಹಾಗಿಲ್ಲ

ನಾನೊಂದು ಕಟಿಂಗ್ ಮಷೀನು. ಸಲೂನಿನಲ್ಲಿ ನಿಮ್ಮ ಕತ್ತಿನ ಹಿಂದೆ ಗುಂಯ್ ಎಂದು ಕಚಗುಳಿ ಇಡುವುದು ನಾನೇ. ಹುಟ್ಟಿದ್ದು ಯಾವುದೋ ಫ್ಯಾಕ್ಟರಿಯಲ್ಲಿ, ಒಂದೇ ಮುಖದ ಅಣ್ಣತಮ್ಮಂದಿರ ನಡುವೆ. ನಮ್ಮಲ್ಲಿ ಯಾರ ಮುಖವೂ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಆ ರೋಗ ಕಂಡದ್ದು ಮನುಷ್ಯರ ಕೈಗೆ ಬಂದಮೇಲೆ.

ನನ್ನನ್ನು ಮೊದಲು ಕೊಂಡ ಕ್ಷೌರಿಕ ಕಸುಬು ಬಿಟ್ಟು ಆಟೋ ಓಡಿಸತೊಡಗಿದ. ಆಗ ನಾನು ರುವಾತಾನ ಕೈ ಸೇರಿದೆ. ಅವನು ಮಿಜೋರಾಂನವನು. ತಂಗಿ ಮಾವಿಯ ಜೊತೆ ಬೆಂಗಳೂರಿನ ಲಿಂಗರಾಜಪುರದಲ್ಲಿ ಸಣ್ಣ ಸಲೂನ್ ಇಟ್ಟಿದ್ದ. ಅವನ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಬೀದಿಯ ಹುಡುಗರು ಅವನನ್ನು 'ಏ ಚೀನಾ' ಎಂದು ಕೂಗುತ್ತಿದ್ದರು. ಹಬ್ಬ ಬಂತೆಂದರೆ ತಲೆ ಮಾತ್ರ ಅವನಿಗೇ ಒಪ್ಪಿಸುತ್ತಿದ್ದರು.

ಒಂದು ಸಂಜೆ ಎತ್ತರದ, ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತ. ರುವಾತಾ ಇಂಗ್ಲಿಷಿನಲ್ಲಿ, ಯಾವ ದೇಶ ಎಂದು ಕೇಳಿದ.

"ಯಲ್ಲಾಪುರ," ಎಂದ ಹುಡುಗ. "ದೇಶ ಅಲ್ಲ ಮಾರಾಯ, ತಾಲೂಕು. ನಾ ಬಸ್ತ್ಯಾಂವ್, ಅಲ್ಲಿಯ ಸಿದ್ದಿ ಜನ. ಕಟಿಂಗ್ ಮಾಡ್ತಿಯನ, ನೇಪಾಳಿ?"

"ನೇಪಾಳಿ ಅಲ್ಲ. ಮಿಜೋ. ಇಂಡಿಯಾನೇ."

"ನಾನೂ ಇಂಡಿಯಾನೇ. ತಗಾ, ಇಬ್ರೂ ಒಂದೊಂದು ಸಲ ತಪ್ಪಿದ್ವಿ."

ರುವಾತಾ ನಕ್ಕ. ಮಾವಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಓಟಗಾರ ಬಸ್ತ್ಯಾಂವನಿಗೆ ಕ್ರೀಡಾ ಕೋಟಾದಲ್ಲಿ ಒಂದು ಕೆಲಸದ ಇಂಟರ್ವ್ಯೂ ಇತ್ತು. ಆ ಬೀದಿಯ ಬೇರೆ ಸಲೂನಿನವರೆಲ್ಲ ನಿನ್ನ ಕೂದಲಿಗೆ ನಮ್ಮ ಮಷೀನು ಮುರಿಯುತ್ತದೆ ಎಂದು ವಾಪಸ್ ಕಳಿಸಿದ್ದರಂತೆ. ನನಗೆ ರೇಗಿಹೋಯಿತು. ಅವರ ಪುಕ್ಕಲುತನಕ್ಕೆ ನಮ್ಮ ಜಾತಿಯ ಹೆಸರೇಕೆ?

ಮಾವಿ ಅಣ್ಣನನ್ನು ಪಕ್ಕಕ್ಕೆ ಎಳೆದು ತಮ್ಮ ಭಾಷೆಯಲ್ಲಿ ಗದರಿದಳು. ಆಫ್ರಿಕಾದವರನ್ನು ಒಳಗೆ ಬಿಟ್ಟರೆ ಅಂಗಡಿ ಖಾಲಿ ಮಾಡಿಸುತ್ತೇನೆ ಎಂದು ಬಿಲ್ಡಿಂಗ್ ಓನರ್ ಪಿಳ್ಳಪ್ಪ ಮೊದಲೇ ಹೇಳಿದ್ದರು. ನಮ್ಮನ್ನೇ ಹೊರಗಿನವರು ಅನ್ನುತ್ತಾರೆ, ಇವನನ್ನೂ ಕೂರಿಸಿಕೊಂಡರೆ ನಮ್ಮ ಗತಿ ಏನು ಎಂಬುದು ಅವಳ ವಾದ. ಅದು ಸುಳ್ಳೂ ಆಗಿರಲಿಲ್ಲ.

ರುವಾತಾ ಬಟ್ಟೆ ಕೊಡವಿ ಬಸ್ತ್ಯಾಂವನ ಕತ್ತಿಗೆ ಕಟ್ಟಿದ. ನಾನು ಗುಂಯ್ ಎಂದೆ. ಆ ಕೂದಲು ದಟ್ಟವಾಗಿತ್ತು, ನಿಜ. ಮುರಿಯುವ ಮಾತಿರಲಿ, ನನಗೆ ಬೆವರೂ ಬರಲಿಲ್ಲ.

ಬಲಗಡೆ ಮುಗಿದು ಎಡಗಡೆ ಹಾಗೇ ಇದ್ದಾಗ ಪಿಳ್ಳಪ್ಪ ಬಂದರು.

"ಏನಪ್ಪಾ ಇದು? ನಾನು ಹೇಳಿದ್ದೇನು?"

"ನಾ ಯಲ್ಲಾಪುರದಂವ ಸಾರ್," ಎಂದ ಬಸ್ತ್ಯಾಂವ್.

ಪಿಳ್ಳಪ್ಪ ಅವನನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದರು. "ಕನ್ನಡದೋನೇ ಇರಬಹುದು ಕಣಪ್ಪ. ನೋಡೋರಿಗೆ ಹಂಗೆ ಕಾಣಲ್ವಲ್ಲ. ಎದ್ದೇಳು."

"ಆಫ್ರಿಕಾದಂವ ಆಗಿದ್ರೆ ಮಾತ್ರ ಎಂತಾಗ್ತಿತ್ತು? ಅವ್ರಿಗೆ ಕೂದ್ಲು ಬೆಳಿಯುದಿಲ್ಲನ?"

ಕಾಯುತ್ತಿದ್ದ ಗಿರಾಕಿಗಳೆಲ್ಲ ಒಟ್ಟಿಗೆ ತಮ್ಮ ಫೋನಿನೊಳಗೆ ಇಳಿದುಬಿಟ್ಟರು. ಬಸ್ತ್ಯಾಂವ್ ಕನ್ನಡಿಯಲ್ಲಿ ಮಾವಿಯ ಮುಖ ನೋಡಿದ. "ಬಿಡು ಅಣ್ಣ, ಟೋಪಿ ಹಾಕಂಡು ಹೋಗ್ತೆ," ಎಂದು ಏಳಲು ಹೋದ.

ರುವಾತಾ ಅವನ ಹೆಗಲು ಒತ್ತಿ ಕೂರಿಸಿದ. "ಅರ್ಧ ಕಟಿಂಗಲ್ಲಿ ಯಾರನ್ನೂ ಎಬ್ಬಿಸಲ್ಲ ಸಾರ್. ಅರ್ಧ ತಲೆ ಬೋಳಿಸಿ ಕಳಿಸೋದು ಕಳ್ಳನನ್ನ. ಇವನು ನನ್ನ ಗಿರಾಕಿ."

"ಹಂಗಾದ್ರೆ ಮುಗಿಸಿ ಕೀ ಕೊಟ್ಟು ಹೋಗು."

ರುವಾತಾ ಮುಗಿಸಿದ. ಅವಸರ ಮಾಡಲಿಲ್ಲ. ಕಿವಿಯ ಹಿಂದಿನ ಗೆರೆಯನ್ನು ಅಷ್ಟು ನೇರವಾಗಿ ನಾನು ಎಂದೂ ಎಳೆದಿರಲಿಲ್ಲ. ಆಮೇಲೆ ಕೀ ಕೊಟ್ಟ.

"ನಿನ್ನ ಒಂದು ತಲೆಗೆ ನಮ್ಮ ಅಂಗಡಿ ಹೋಯ್ತು," ಎಂದಳು ಮಾವಿ. ಮರುದಿನ ಬಸ್ತ್ಯಾಂವ್ ಇಂಟರ್ವ್ಯೂ ಮುಗಿಸಿ, ಅದೇ ಇಸ್ತ್ರಿ ಅಂಗಿಯಲ್ಲಿ ಬಂದು, ಹೊರಗಿಟ್ಟಿದ್ದ ನಮ್ಮ ಸಾಮಾನಿನಿಂದ ಸಲೂನಿನ ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಹೊತ್ತ.

ಅವನ ಓಟದ ಕೋಚ್ ಹುಡುಕಿಕೊಟ್ಟ ಒಂದು ಹಳೆಯ ಕಾರ್ ಗ್ಯಾರೇಜಿನಲ್ಲಿ ನಮ್ಮ ಸಲೂನ್ ಮತ್ತೆ ಶುರುವಾಯಿತು. ಬಸ್ತ್ಯಾಂವನಿಗೆ ಆ ಕೆಲಸ ಸಿಗಲಿಲ್ಲ, ಮುಂದಿನ ವರ್ಷ ಬೇರೊಂದು ಸಿಕ್ಕಿತು. ಸಿದ್ದಿ ಹುಡುಗರು ಬಂದರು, ಮಣಿಪುರದವರು ಬಂದರು, ನೈಜೀರಿಯಾದ ವಿದ್ಯಾರ್ಥಿಗಳೂ ಬಂದರು. ಎಲ್ಲರಿಗೂ ಎಲ್ಲರ ಮೇಲೂ ಪ್ರೀತಿ ಉಕ್ಕಿತು ಅಂದುಕೊಳ್ಳಬೇಡಿ. ಸಾಲಿನಲ್ಲಿ ಯಾರು ಮೊದಲು ಎಂದು ಜಗಳ, ಯಾವ ಹಾಡು ಹಾಕಬೇಕೆಂದು ಜಗಳ. ಆದರೆ ಯಾರ ಮುಖ ನೋಡಿಯೂ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಮಾವಿ ಮಾತ್ರ ಬಸ್ತ್ಯಾಂವನ ಜೊತೆ ಮಾತು ಬಿಟ್ಟಿದ್ದಳು.

ಈಗ ನನಗೆ ವಯಸ್ಸಾಗಿದೆ. ವೈರ್ ಇಲ್ಲದ ಹೊಸ ಮಷೀನುಗಳು ಬಂದಿವೆ, ನಾನು ಪೌಡರ್ ಡಬ್ಬಿಗಳ ಪಕ್ಕ ಕೂತಿರುತ್ತೇನೆ. ಬೇಸರವೇನಿಲ್ಲ. ಎಷ್ಟು ಬಗೆಯ ತಲೆ ಕಂಡಿದ್ದೇನೆ, ಒಂದೂ ನನ್ನನ್ನು ಮುರಿಯಲಿಲ್ಲ.

ಮೊನ್ನೆ ರುವಾತಾನಿಗೆ ಜ್ವರ. ಬಸ್ತ್ಯಾಂವ್ ಬಂದವನು ಮಾವಿ ಒಬ್ಬಳೇ ಇರುವುದನ್ನು ನೋಡಿ ಹಿಂದೆ ತಿರುಗಿದ.

"ಕೂತ್ಕೋ," ಎಂದಳು ಅವಳು.

ಹೊಸ ಮಷೀನಿನಲ್ಲಿ ಚಾರ್ಜ್ ಇರಲಿಲ್ಲ. ಅವಳು ನನ್ನನ್ನು ಇಳಿಸಿ, ಊದಿ, ಎಣ್ಣೆ ಬಿಟ್ಟು, ಪ್ಲಗ್ ಚುಚ್ಚಿದಳು. ಅವಳ ಕೈ ಅಣ್ಣನಷ್ಟು ಹಗುರವಲ್ಲ.

"ಇನ್ನೂ ಸಿಟ್ಟದ್ಯನ?" ಎಂದು ಕನ್ನಡಿಯಲ್ಲೇ ಕೇಳಿದ ಬಸ್ತ್ಯಾಂವ್.

"ಇದೆ. ಅಲ್ಲಾಡಬೇಡ, ಕಿವಿ ಹತ್ರ ಇದೀನಿ."