ಆರನೇ ತರಗತಿಗೆ ಇಪ್ಪತ್ತೆರಡು ಮೆಟ್ಟಿಲು

“ಕೈ ಒರೆಸ್ಕೊಂಡು ಒತ್ತು. ಸಿಮೆಂಟ್ ಮೆತ್ತಿದ ಹೆಬ್ಬೆಟ್ಟು ಕಾಗದದ ಮೇಲೆ ಸರಿಯಾಗಿ ಬೀಳಲ್ಲ” ಎಂದರು ಹೆಡ್‌ಮಾಸ್ತರರು.

ಮೆಟ್ಟಿಲ ಬುಡದಲ್ಲಿ ಕಾಂಕ್ರೀಟನ್ನು ಬಾಂಡ್ಲಿಗೆ ತುಂಬಿ ಕೊಡುತ್ತಿದ್ದವಳು, ಅಲ್ಲೇ ಮೆಟ್ಟಿಲ ಕೆಳಗೆ ಕೂತಿದ್ದ ಹುಡುಗಿಯ ತಾಯಿ. ‘ಮಗಳನ್ನು ಮನೆಯಲ್ಲೇ ಓದಿಸಿಕೊಳ್ಳುತ್ತೇನೆ, ಇದು ನನ್ನ ಸ್ವಂತ ಇಚ್ಛೆ’ ಎಂದು ಅವಳ ಪರವಾಗಿ ಹೆಡ್‌ಮಾಸ್ತರರೇ ಬರೆದು ತಂದಿದ್ದರು. ಬಡವರಿಗೆ ಸ್ವಂತ ಇಚ್ಛೆಯನ್ನೂ ಬರೆದುಕೊಡುವ ದೊಡ್ಡ ಮನಸ್ಸು.

“ಮನೇಲಿ ಯಾರು ಸಾರ್ ಓದ್ಸೋದು? ನಂಗೆ ಅಕ್ಷರ ಬಂದಿದ್ರೆ ಇಲ್ಯಾಕೆ ನಿಲ್ತಿದ್ದೆ?”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕಾಲಲ್ಲಿ ಬಲ ಇಲ್ಲದ ನಿನ್ನ ಮಗಳಿಗೆ ಮೆಟ್ಟಿಲು ಎತ್ತರ ಆದ್ರೆ ನಾನೇನಮ್ಮ ಮಾಡ್ಲಿ?”

ಅವತ್ತು ಶಾಲೆಗೆ ಮೋಲ್ಡ್. ಎರಡನೇ ಮಹಡಿಗೆ ತಾರಸಿ ಹಾಕುವ ಕೆಲಸ. ಕೆಳಗಿನ ಮಿಕ್ಸರಿನಿಂದ ಮೇಲಿನವರೆಗೆ ನಾವು ಹೆಂಗಸರು ಎರಡು ಮೆಟ್ಟಿಲಿಗೊಬ್ಬರಂತೆ ನಿಂತು ಬಾಂಡ್ಲಿ ದಾಟಿಸುತ್ತಿದ್ದೆವು.

ಐದನೇ ತರಗತಿಯವರೆಗೆ ಹುಡುಗಿ ಕೆಳಗಿನ ಕೋಣೆಯಲ್ಲಿ ಕೂತು ಓದಿದಳು. ಪಾಸಾಗಿದ್ದೇ ತಪ್ಪಾಯಿತು. ಆರನೇ ತರಗತಿ ಮೊದಲನೇ ಮಹಡಿಯಲ್ಲಿತ್ತು. ಅದನ್ನು ಕೆಳಗೆ ತರುವಂತಿರಲಿಲ್ಲ. ಅಲ್ಲಿ ಮೇಷ್ಟ್ರುಗಳ ಕೋಣೆಯಿತ್ತು, ಅವರಲ್ಲಿ ಇಬ್ಬರಿಗೆ ಮಂಡಿನೋವಿತ್ತು. ಕಾಲು ಸರಿಯಿಲ್ಲದವರಿಗೆ ಮೆಟ್ಟಿಲು ಕಷ್ಟ ಎಂಬುದು ಶಾಲೆಗೆ ಚೆನ್ನಾಗಿ ಗೊತ್ತಿತ್ತು. ತಾಯಿ ಹೊತ್ತು ಹತ್ತಿಸಲೂ ಕೂಡದು. ಬಿದ್ದರೆ ಯಾರು ಜವಾಬ್ದಾರಿ?

ಹಾಗಾಗಿ ಇಪ್ಪತ್ತು ದಿನಗಳಿಂದ ಹುಡುಗಿ ಮೆಟ್ಟಿಲ ಕೆಳಗೆ ಸಿಮೆಂಟ್ ಚೀಲ ಹಾಸಿ ಕೂರುತ್ತಿದ್ದಳು. ಮೇಲೆ ಹೆಸರು ಕರೆದಾಗ ಕೆಳಗಿನಿಂದ “ಹಾಜರ್ ಮೇಡಂ” ಎಂದು ಕೂಗುತ್ತಿದ್ದಳು. ಹಾಜರಿ ಪುಸ್ತಕಕ್ಕೆ ಕಿವಿ ಮಂದ. ಗೈರು ಎಂದೇ ಬೀಳುತ್ತಿತ್ತು. ಇವತ್ತೂ ಗೈರಾದರೆ ಹೆಸರು ಹೊಡೆದುಹಾಕುತ್ತಾರೆ. ಹೆಬ್ಬೆಟ್ಟು ಒತ್ತಿದರೆ ಗೌರವದಿಂದ ಹೊಡೆದುಹಾಕುತ್ತಾರೆ.

“ಒತ್ತಿ ಸಾಯೇ ಮುಂಡೆ” ಎಂದ ಮೇಸ್ತ್ರಿ. “ಕಲಸಿದ ಮಾಲು ಗಟ್ಟಿಯಾದ್ರೆ ನಿಮ್ಮಪ್ಪ ಬಂದು ಕೆರೀತಾನಾ?”

ಮೋಲ್ಡ್ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಹಳೇ ಮಾಲು ಹೊಸ ಮಾಲಿಗೆ ಕೂಡುವುದಿಲ್ಲ, ಆ ಗೆರೆಯಲ್ಲಿ ತಾರಸಿ ಇರುವವರೆಗೂ ಸೋರುತ್ತದೆ. ಇದು ಮೇಸ್ತ್ರಿಗೆ ಗೊತ್ತು. ನಮಗೂ ಗೊತ್ತು ಎಂಬುದಷ್ಟೇ ಅವನಿಗೆ ಗೊತ್ತಿರಲಿಲ್ಲ.

ತಾಯಿ ಸೆರಗಿಗೆ ಕೈ ಒರೆಸಿಕೊಂಡಳು. ಮೂರನೇ ಮೆಟ್ಟಿಲಲ್ಲಿದ್ದ ನಮ್ಮ ದೊಡ್ಡಕ್ಕ ಬಾಂಡ್ಲಿ ಕೆಳಗಿಟ್ಟಳು.

“ಕೈ ಒರೆಸ್ಕೊಂಡ್ಯಾ ತಂಗಿ? ಹಂಗಾದ್ರೆ ಕಾಗದ ಬಿಡು, ಕೂಸನ್ನ ಕೊಡು.”

ತಾಯಿ ಒಂದು ಗಳಿಗೆ ಹೆಡ್‌ಮಾಸ್ತರರ ಮುಖ ನೋಡಿದಳು. ಆಮೇಲೆ ಬಗ್ಗಿ ಮಗಳನ್ನು ಎತ್ತಿದಳು.

“ಏಯ್, ಬೀಳಿಸ್ತೀರಿ” ಎಂದರು ಹೆಡ್‌ಮಾಸ್ತರರು.

“ಬೆಳಗ್ಗಿಂದ ಮುನ್ನೂರು ಬಾಂಡ್ಲಿ ಹತ್ತಿಸಿದೀವಿ ಸಾರ್. ಒಂದಾದ್ರೂ ನಿಮ್ಮ ತಲೆ ಮೇಲೆ ಬಿತ್ತಾ?” ಎಂದಳು ದೊಡ್ಡಕ್ಕ.

ಹುಡುಗಿ ಕೈಯಿಂದ ಕೈಗೆ ಏರಿದಳು. ನನ್ನ ಕೈಗೆ ಬಂದಾಗ ಅವಳ ಕಾಲುಗಳು ಒದ್ದೆ ಬಟ್ಟೆಯಂತೆ ಜೋತಿದ್ದವು. ಬೆನ್ನಿನ ಚೀಲ ಮಾತ್ರ ಕಲ್ಲಿನ ಭಾರ.

“ಏನೇ ತುಂಬಿದೀಯ ಇದ್ರಲ್ಲಿ?”

“ವಿಜ್ಞಾನ. ಕಚಗುಳಿ ಇಡ್ಬೇಡ ಚಿಕ್ಕಮ್ಮ, ಬಿದ್ಬಿಡ್ತೀನಿ.”

ಮೊದಲನೇ ಮಹಡಿಯಲ್ಲಿ ನಿಂತಿದ್ದ ನಮ್ಮವಳು ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ಬಾಗಿಲಲ್ಲೇ ನಿಂತು, “ಹಾಜರ್ ಅಂತ ಬರ್ಕೊಳ್ಳಿ ಮೇಡಂ” ಎಂದಳು. ಮೇಡಂ, ಹೆಡ್‌ಮಾಸ್ತರರು ಹೇಳದೆ ಆಗುವುದಿಲ್ಲ ಎಂದರು. ನಾವು ಕೈ ಕಟ್ಟಿ ನಿಂತೆವು. ಮಿಕ್ಸರ್ ಸುಮ್ಮನೆ ತಿರುಗುತ್ತಿತ್ತು.

“ಮಾಲು ಹಾಳಾಗ್ತಿದೆ ಬೋಳಿಯರಾ, ಕೈ ಆಡ್ಸ್ರೇ” ಎಂದು ಮೇಸ್ತ್ರಿ ಅರಚಿದ. ಯಾರ ಕೈಯೂ ಆಡಲಿಲ್ಲ. ಕೊನೆಗೆ ಅವನು ಹೆಡ್‌ಮಾಸ್ತರರ ಕಡೆ ತಿರುಗಿದ. “ನಿಮ್ಮ ದಮ್ಮಯ್ಯ ಸಾರ್, ಹಾಜರಿಗೆ ಒಂದು ಗೀಟು ಎಳೆಸಿ. ತಾರಸಿ ನಿಮ್ದೇ, ಸೋರೋದೂ ನಿಮ್ ತಲೆ ಮೇಲೇ.”

“ಮೇಡಂ” ಎಂದು ಹೆಡ್‌ಮಾಸ್ತರರು ಮೇಲಕ್ಕೆ ಕೂಗಿದರು, “ಹಾಕ್ರೀ ಆ ಹಾಜರಿ.”

ಬಾಂಡ್ಲಿಗಳು ಮತ್ತೆ ಹತ್ತತೊಡಗಿದವು.

ಸಂಜೆ ಹುಡುಗಿಯನ್ನು ಹಾಗೆಯೇ ಇಳಿಸಿದೆವು. ಮೇಸ್ತ್ರಿ ಹೆಡ್‌ಮಾಸ್ತರರ ಜೊತೆ ಕಾದು ನಿಂತಿದ್ದ. “ನಾಳೆಯಿಂದ ನಿಮ್ಮಲ್ಲಿ ಒಬ್ಬಳೂ ಕೆಲಸಕ್ಕೆ ಬರೋದು ಬೇಡ.”

“ಕೆಲಸಕ್ಕೆ ಯಾರಪ್ಪ ಬರ್ತಾರೆ?” ಎಂದು ದೊಡ್ಡಕ್ಕ ಹೆಡ್‌ಮಾಸ್ತರರ ಕಡೆ ತಿರುಗಿದಳು. “ಕೂಸನ್ನ ಹತ್ತಿಸ್ಬೇಕು, ಬೆಳಗ್ಗೆ ಬೆಲ್ ಎಷ್ಟೊತ್ತಿಗೆ ಸಾರ್?”

ಅವರು ಹೆಬ್ಬೆಟ್ಟು ಬೀಳದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಬೆಲ್ಲಿನ ಹೊತ್ತು ತಿಳಿಯದೆ ನಾವು ಮೆಟ್ಟಿಲು ಬಿಟ್ಟು ಇಳಿಯಲಿಲ್ಲ.